ಉಕ್ಕಿನ ನಾಡಿಗೆ ಗಣಿಯ ಶಾಲೆ ತಡವಾಗಿ ಬಂದ ಕಥೆ

ಇಂಗ್ಲಿಷ್ ನಿಘಂಟುಗಳಲ್ಲಿ ‘ವುಟ್ಜ್’ ಎಂಬ ಒಂದು ಪದವಿದೆ. ಹಿಂದೆ ದಕ್ಷಿಣ ಭಾರತದಲ್ಲಿ ತಯಾರಾಗುತ್ತಿದ್ದ ಶ್ರೇಷ್ಠ ದರ್ಜೆಯ ಉಕ್ಕು ಎಂಬುದು ಅದರ ಅರ್ಥ. ಈ ಪದದ ಮೂಲ ನಮ್ಮ ‘ಉಕ್ಕು’ ಎಂಬ ಮಾತೇ ಎಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಕನ್ನಡದ ಕಮ್ಮಾರನ ಬಾಯಲ್ಲಿದ್ದ ಮಾತೊಂದು ಹಡಗು ಹತ್ತಿ ಲಂಡನ್ನಿಗೆ ಹೋಗಿ, ಅಲ್ಲಿನವರ ಕಿವಿಗೆ ಹೇಗೆ ಕೇಳಿಸಿತೋ ಹಾಗೆ ಬರೆಸಿಕೊಂಡು, ಅಲ್ಲಿಯೇ ನೆಲೆ ನಿಂತಿತು. ಮಾತು ಉಳಿಯಿತು. ಆದರೆ ಆ ಉಕ್ಕನ್ನು ಕಾಯಿಸಿದ ಕುಲುಮೆಗಳು ಆರಿಹೋದವು. ಅದನ್ನು ಬಲ್ಲವರ ವಿದ್ಯೆಯೂ ಅವರೊಂದಿಗೆ ಹೋಯಿತು.

ಒಂದು ವಿದ್ಯೆ ಹೀಗೆ ಮಾಯವಾಗುವುದು ಹೇಗೆ? ಇನ್ನೊಂದು ವಿದ್ಯೆ ಇನ್ನೂರೈವತ್ತು ವರ್ಷ ಬಾಳುವುದು ಹೇಗೆ? ನೆಲದೊಳಗಿನ ಅದಿರನ್ನು ತೆಗೆಯುವ, ಅದನ್ನು ಕರಗಿಸಿ ಲೋಹ ಮಾಡುವ ಶಿಕ್ಷಣದ ಇತಿಹಾಸವನ್ನು ನೋಡಿದರೆ ಈ ಪ್ರಶ್ನೆಗೆ ಸ್ವಲ್ಪ ಮಟ್ಟಿನ ಉತ್ತರ ಸಿಗುತ್ತದೆ. ಕೋಲಾರ, ಹಟ್ಟಿ, ಸಂಡೂರು, ಭದ್ರಾವತಿಗಳನ್ನು ತನ್ನ ಭೂಪಟದಲ್ಲಿ ಇರಿಸಿಕೊಂಡಿರುವ ಕರ್ನಾಟಕಕ್ಕೆ ಇದು ದೂರದ ಸಂಗತಿಯಲ್ಲ.

ಮೂಸೆಯೊಳಗಿನ ವಿದ್ಯೆ

ಟಿಪ್ಪು ಸುಲ್ತಾನನ ಪತನದ ಮರುವರ್ಷ, ಅಂದರೆ 1800ರಲ್ಲಿ, ಫ್ರಾನ್ಸಿಸ್ ಬುಕನನ್ ಎಂಬ ವೈದ್ಯ ಈಸ್ಟ್ ಇಂಡಿಯಾ ಕಂಪನಿಯ ಅಪ್ಪಣೆಯಂತೆ ಮೈಸೂರು ಸೀಮೆಯ ಪ್ರವಾಸ ಹೊರಟ. ಬೆಳೆ, ಜಾತಿ, ಕಂದಾಯ, ಕೈಕಸುಬು ಎಲ್ಲವನ್ನೂ ಬರೆದುಕೊಳ್ಳುತ್ತಾ ಹೋದ ಆತ, ಕಬ್ಬಿಣ ಕರಗಿಸುವವರನ್ನೂ ಉಕ್ಕು ಮಾಡುವವರನ್ನೂ ಕಂಡು ಅವರ ಕೆಲಸವನ್ನು ವಿವರವಾಗಿ ದಾಖಲಿಸಿದ. 1807ರಲ್ಲಿ ಅವನ ಪ್ರವಾಸಕಥನ ಲಂಡನ್ನಿನಲ್ಲಿ ಅಚ್ಚಾಯಿತು.

ದಕ್ಷಿಣ ಭಾರತದ ಇಂಥ ಕುಲುಮೆಗಳನ್ನು ಕಂಡವರು ಹೇಳುವ ಕ್ರಮ ಸ್ಥೂಲವಾಗಿ ಹೀಗಿದೆ. ಮೆದು ಕಬ್ಬಿಣದ ತುಂಡುಗಳನ್ನು ಮಣ್ಣಿನ ಪುಟ್ಟ ಮೂಸೆಯೊಳಗೆ ಇಡುವುದು. ಅದರ ಜೊತೆ ತಂಗಡಿ ಗಿಡದ ಕಟ್ಟಿಗೆಯ ಚೂರು, ಮೇಲೆ ಒಂದೆರಡು ಹಸಿರು ಎಲೆ. ಮೂಸೆಯ ಬಾಯಿಯನ್ನು ಜೇಡಿಮಣ್ಣಿನಿಂದ ಮುಚ್ಚಿ, ಇದ್ದಿಲ ಬೆಂಕಿಯಲ್ಲಿಟ್ಟು, ತಿದಿ ಒತ್ತಿ ಗಂಟೆಗಟ್ಟಲೆ ಕಾಯಿಸುವುದು. ಕಟ್ಟಿಗೆಯ ಇಂಗಾಲ ಕಬ್ಬಿಣದೊಳಗೆ ಸೇರಿ ಅದು ಉಕ್ಕಾಗುತ್ತದೆ. ನೂರು ಪಾಲಿನಲ್ಲಿ ಒಂದೂವರೆ ಪಾಲಿನಷ್ಟು ಇಂಗಾಲ ಸೇರಿದರೆ ಕತ್ತಿಗೆ ಬೇಕಾದ ಗಡಸುತನ ಬರುತ್ತದೆ. ಇಂಗಾಲ ಎಂಬ ಮೂಲವಸ್ತುವಿನ ಹೆಸರು ಆ ಕುಶಲಕರ್ಮಿಗೆ ಗೊತ್ತಿರಲಿಲ್ಲ. ಯಾವ ಕಟ್ಟಿಗೆ, ಎಷ್ಟು ಹೊತ್ತು, ಬೆಂಕಿಯ ಯಾವ ಬಣ್ಣ ಎಂಬುದು ಮಾತ್ರ ಚೆನ್ನಾಗಿ ಗೊತ್ತಿತ್ತು.

ಬುಕನನ್ ಬರುವ ಮೊದಲೇ, 1794ರಲ್ಲಿ, ಮುಂಬಯಿಯಲ್ಲಿದ್ದ ಹೆಲೆನಸ್ ಸ್ಕಾಟ್ ಎಂಬ ವೈದ್ಯ ಈ ಉಕ್ಕಿನ ಮಾದರಿಗಳನ್ನು ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಕಳಿಸಿದ್ದ. ಮರುವರ್ಷ ಜಾರ್ಜ್ ಪಿಯರ್ಸನ್ ಅದರ ಬಗ್ಗೆ ಪ್ರಬಂಧ ಓದಿದ. 1819ರ ನಂತರ ಮೈಕೇಲ್ ಫ್ಯಾರಡೆ, ಚಾಕು ಕತ್ತರಿ ತಯಾರಕ ಜೇಮ್ಸ್ ಸ್ಟೋಡಾರ್ಟ್‌ನ ಜೊತೆ ಸೇರಿ ಅದರ ಗುಟ್ಟನ್ನು ಹುಡುಕತೊಡಗಿದ. ಮುಂದೆ ವಿದ್ಯುತ್ತಿನ ಸಂಶೋಧನೆಗಳಿಂದ ಜಗತ್ಪ್ರಸಿದ್ಧನಾದ ಈ ಫ್ಯಾರಡೆ ಸ್ವತಃ ಕಮ್ಮಾರನ ಮಗ! ನಮ್ಮ ಉಕ್ಕಿನ ಗುಣಕ್ಕೆ ಅದರಲ್ಲಿರುವ ಅಲ್ಯುಮಿನಿಯಂ ಮತ್ತು ಸಿಲಿಕಾದ ಅಂಶ ಕಾರಣವಿರಬೇಕೆಂದು ಅವನು ಊಹಿಸಿದ. ಊಹೆ ತಪ್ಪಾಗಿತ್ತು. ಆದರೆ ಅದು ಬರೆದಿಟ್ಟ ತಪ್ಪು. ಬರೆದಿಟ್ಟ ತಪ್ಪನ್ನು ಇನ್ನೊಬ್ಬ ಓದಿ ತಿದ್ದಬಹುದು. ಉಕ್ಕಿಗೆ ಬೇರೆ ಬೇರೆ ಲೋಹ ಬೆರೆಸಿ ನೋಡುವ ಅವನ ಪ್ರಯೋಗಗಳು ಮಿಶ್ರಲೋಹ ಉಕ್ಕಿನ ಅಧ್ಯಯನಕ್ಕೆ ನಾಂದಿಯಾದವು.

ಇತ್ತ ನಮ್ಮಲ್ಲಿ ಏನಾಯಿತು? ಇಂಗ್ಲೆಂಡಿನ ಅಗ್ಗದ ಕಬ್ಬಿಣ, ಉಕ್ಕು ಬಂದರಿಗೆ ಬಂದಿಳಿದವು. ಕಾಡಿನ ಮೇಲೆ ಸರ್ಕಾರದ ಹಿಡಿತ ಬಿಗಿಯಾಗಿ ಇದ್ದಿಲು ತುಟ್ಟಿಯಾಯಿತು. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಕುಲುಮೆಗಳು ಒಂದೊಂದಾಗಿ ತಣ್ಣಗಾದವು. ವಿದ್ಯೆ ಮನೆತನದೊಳಗೆ, ಅಪ್ಪನಿಂದ ಮಗನ ಕೈಗೆ ಸಾಗುತ್ತಿತ್ತು. ಕುಲುಮೆ ಉರಿಯುವವರೆಗೆ ಅದು ಸಾಕಾಗಿತ್ತು. ಕುಲುಮೆ ಆರಿದ ಮೇಲೆ ಮಗನಿಗೆ ಕಲಿಸಲು ಅಪ್ಪನ ಕೈಯಲ್ಲಿ ಕೆಲಸವೇ ಇರಲಿಲ್ಲ. ಶಾಲೆಗೂ ಕುಲುಮೆಗೂ ಇರುವ ವ್ಯತ್ಯಾಸ ಇಲ್ಲಿದೆ. ಬೆಂಕಿ ಆರಿದ ಕಾಲದಲ್ಲೂ ವಿದ್ಯೆಯನ್ನು ಕಾದಿಡುವ ಜಾಗ ಶಾಲೆ.

ಸೋತ ರಾಜ್ಯ ಕಟ್ಟಿದ ಶಾಲೆ

ಈಗ ಜರ್ಮನಿಗೆ ಹೋಗೋಣ. ಹದಿನಾರನೆಯ ಶತಮಾನದಲ್ಲಿ ಬೊಹೀಮಿಯದ ಯೋಆಖಿಮ್‌ಸ್ಟಾಲ್ ಎಂಬ ಬೆಳ್ಳಿ ಗಣಿಯ ಊರಿಗೆ ವೈದ್ಯನಾಗಿ ಬಂದವನು ಗಿಯೋರ್ಗಿಯಸ್ ಅಗ್ರಿಕೋಲಾ. ಆ ಊರಿನ ಬೆಳ್ಳಿ ನಾಣ್ಯಕ್ಕೆ ‘ಥಾಲರ್’ ಎಂದು ಹೆಸರಾಯಿತು. ಇಂದಿನ ‘ಡಾಲರ್’ ಹುಟ್ಟಿದ್ದು ಅದರಿಂದಲೇ. ಗಣಿ ಕಾರ್ಮಿಕರ ಕೆಮ್ಮು, ದಮ್ಮುಗಳಿಗೆ ಮದ್ದು ಕೊಡುತ್ತಾ ಅಗ್ರಿಕೋಲಾ ಗಣಿಗಳೊಳಗೆ ಇಳಿದು ನೋಡಿದ, ಕೇಳಿದ, ಚಿತ್ರ ಬರೆಸಿದ. ಅವನ ‘ದೆ ರೆ ಮೆಟಾಲಿಕಾ’ ಎಂಬ ಹನ್ನೆರಡು ಭಾಗಗಳ ಗ್ರಂಥ ಬಾಸೆಲ್‌ನಲ್ಲಿ ಅಚ್ಚಾಗಿ ಹೊರಬಂದದ್ದು 1556ರಲ್ಲಿ, ಅವನು ತೀರಿಕೊಂಡ ಮರುವರ್ಷ. ಸುಮಾರು ಎರಡು ಶತಮಾನ ಯೂರೋಪಿನ ಗಣಿಗಾರರಿಗೆ ಅದೇ ಪಠ್ಯಪುಸ್ತಕ. ಅದನ್ನು ಲ್ಯಾಟಿನ್‌ನಿಂದ 1912ರಲ್ಲಿ ಇಂಗ್ಲಿಷಿಗೆ ತಂದವರು ಹರ್ಬರ್ಟ್ ಹೂವರ್ ಮತ್ತು ಅವರ ಪತ್ನಿ ಲೂ ಹೆನ್ರಿ ಹೂವರ್. ಈ ಗಣಿ ಎಂಜಿನಿಯರ್ 1929ರಲ್ಲಿ ಅಮೆರಿಕದ ಅಧ್ಯಕ್ಷರಾದರು.

ಗಣಿ ಕೆಲಸ ಬರೀ ಮೈಕಸುವಿನದು, ಬುದ್ಧಿಯದಲ್ಲ ಎಂಬ ಮಾತನ್ನು ಅಗ್ರಿಕೋಲಾ ಮೊದಲ ಭಾಗದಲ್ಲೇ ಖಂಡಿಸುತ್ತಾನೆ. ಗಣಿಗಾರನಿಗೆ ವೈದ್ಯ, ಗಣಿತ, ಅಳತೆ, ಚಿತ್ರಕಲೆ, ವಾಸ್ತು, ಕಾನೂನು ಎಲ್ಲದರ ಪರಿಚಯವೂ ಬೇಕೆಂಬುದು ಅವನ ವಾದ. ಕಾನೂನು ಏಕೆ? ಪಕ್ಕದವನ ಪಾಲನ್ನು ಅಗೆಯದಿರಲು! ಬಳ್ಳಾರಿಯ ಕಥೆಯನ್ನು ಬಲ್ಲ ನಮಗೆ ಈ ಮಾತು ನಾಲ್ಕೂವರೆ ಶತಮಾನದಷ್ಟು ಹಳೆಯದೆಂದು ಅನ್ನಿಸುವುದೇ ಇಲ್ಲ.

ಪುಸ್ತಕ ಶಾಲೆಯಾಗಲು ಎರಡು ಶತಮಾನ ಹಿಡಿಯಿತು. ಸ್ಯಾಕ್ಸನಿ ರಾಜ್ಯ 1756ರಿಂದ 1763ರವರೆಗೆ ನಡೆದ ಏಳು ವರ್ಷಗಳ ಯುದ್ಧದಲ್ಲಿ ಸೋತು ಸುಣ್ಣವಾಗಿತ್ತು. ಬೊಕ್ಕಸ ಬರಿದು. ಉಳಿದಿದ್ದದ್ದು ಫ್ರೈಬರ್ಗ್ ಸುತ್ತಲಿನ ಬೆಳ್ಳಿ ಗಣಿ. ಮೇಲಿನ ಸುಲಭದ ಅದಿರು ಮುಗಿದಿತ್ತು. ಆಳಕ್ಕೆ ಇಳಿದಷ್ಟೂ ನೀರಿನ ಕಾಟ, ಗಾಳಿಯ ಕೊರತೆ. ಇದಕ್ಕೆ ಕಲಿತವರು ಬೇಕು ಎಂದು ಮನಗಂಡು 1765ರಲ್ಲಿ ಅಲ್ಲಿ ಗಣಿ ಅಕಾಡೆಮಿ ತೆರೆದರು. ಇಂದಿನ ಸ್ಲೊವಾಕಿಯದ ಷೆಮ್ನಿಟ್ಸ್‌ನಲ್ಲಿ 1735ರಲ್ಲೇ ಒಂದು ಗಣಿ ಶಾಲೆ ಇತ್ತು. ಆದರೂ ಜಗತ್ತಿಗೆ ಮಾದರಿಯಾದದ್ದು ಫ್ರೈಬರ್ಗ್. ವಿದ್ಯಾರ್ಥಿ ಬೆಳಿಗ್ಗೆ ಗಣಿಗೆ ಇಳಿಯುತ್ತಿದ್ದ, ಮಧ್ಯಾಹ್ನ ಪಾಠ ಕೇಳುತ್ತಿದ್ದ. ಕೈಗೂ ತಲೆಗೂ ನಡುವಿನ ಗೋಡೆಯನ್ನು ಒಡೆದದ್ದೇ ಅದರ ದೊಡ್ಡ ಸಾಧನೆ.

ಅಲ್ಲಿ 1775ರಿಂದ ನಾಲ್ಕು ದಶಕಗಳಿಗೂ ಮಿಕ್ಕಿ ಪಾಠ ಹೇಳಿದ ಅಬ್ರಹಾಂ ವೆರ್ನರ್‌ನ ಹೆಸರು ಕೇಳಿ ಯೂರೋಪಿನ ಮೂಲೆಮೂಲೆಯಿಂದ ವಿದ್ಯಾರ್ಥಿಗಳು ಬಂದರು. ಟಂಗ್‌ಸ್ಟನ್ ಲೋಹವನ್ನು ಬೇರ್ಪಡಿಸಿದ ಸ್ಪೇನಿನ ಫೌಸ್ಟೊ ಎಲ್ಹುಯಾರ್ ಇಲ್ಲಿ ಕಲಿತವನು. ಮುಂದೆ ಮೆಕ್ಸಿಕೊದಲ್ಲಿ 1792ರಲ್ಲಿ ತೆರೆದ ಗಣಿ ಶಾಲೆಯನ್ನು ನಡೆಸಿದವನೂ ಅವನೇ. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ 1773ರಲ್ಲಿ, ಪ್ಯಾರಿಸ್‌ನಲ್ಲಿ 1783ರಲ್ಲಿ, ಲಂಡನ್ನಿನಲ್ಲಿ 1851ರಲ್ಲಿ, ಅಮೆರಿಕದ ಕೊಲರಾಡೊದಲ್ಲಿ 1874ರಲ್ಲಿ ಗಣಿ ಶಾಲೆಗಳು ಒಂದರ ಹಿಂದೊಂದು ಬಂದವು.

ಫ್ರೈಬರ್ಗ್‌ನ ವಿದ್ಯಾರ್ಥಿಗಳಲ್ಲಿ ಒಬ್ಬನ ಕಥೆಯನ್ನು ಇಲ್ಲಿ ಹೇಳಲೇಬೇಕು. ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ 1791ರಲ್ಲಿ ಅಲ್ಲಿಗೆ ಸೇರಿದ. ಓದು ಮುಗಿಸಿ ಗಣಿ ಇನ್‌ಸ್ಪೆಕ್ಟರ್ ಆದ. ಗಣಿಯಲ್ಲಿ ದುಡಿಯುವವರಿಗೆ ತಾವು ಅಗೆಯುವ ಕಲ್ಲು ಯಾವುದು, ತಮ್ಮ ದೀಪ ಆರುವುದೇಕೆ ಎಂಬುದು ತಿಳಿಯದೆ ಇದ್ದದ್ದನ್ನು ಕಂಡ. 1793ರಲ್ಲಿ ಸ್ಟೇಬೆನ್ ಎಂಬ ಹಳ್ಳಿಯಲ್ಲಿ ತನ್ನ ಸ್ವಂತ ಹಣ ಹಾಕಿ ಕಾರ್ಮಿಕರಿಗೆ ಉಚಿತ ಗಣಿ ಶಾಲೆ ತೆರೆದ. ಆಗ ಅವನಿಗೆ 24 ವರ್ಷ. ಮೇಲಧಿಕಾರಿಗಳ ಒಪ್ಪಿಗೆಗೂ ಅವನು ಕಾಯಲಿಲ್ಲ. ಎಂಜಿನಿಯರಿಗೆ ಮಾತ್ರವಲ್ಲ, ಗುದ್ದಲಿ ಹಿಡಿದವನಿಗೂ ಗಣಿಯ ಶಿಕ್ಷಣ ಸಲ್ಲಬೇಕು ಎಂಬ ಈ ವಿಚಾರ ನಮ್ಮ ದೇಶಕ್ಕೆ ಬರುವಾಗ ದಾರಿಯಲ್ಲೆಲ್ಲೋ ಉಳಿದುಹೋಯಿತು.

ಕಾರ್ನ್‌ವಾಲ್‌ನಿಂದ ಕೋಲಾರಕ್ಕೆ

ಕರ್ನಾಟಕದ ನೆಲದಲ್ಲಿ ಗಣಿಗಾರಿಕೆ ಹೊಸದೇನಲ್ಲ. ರಾಯಚೂರು ಜಿಲ್ಲೆಯ ಹಟ್ಟಿಯ ಹಳೆಯ ಸುರಂಗಗಳಲ್ಲಿ ಸಿಕ್ಕ ಮರದ ದಿಮ್ಮಿಗಳು ಸುಮಾರು ಎರಡು ಸಾವಿರ ವರ್ಷದಷ್ಟು ಹಿಂದಿನವೆಂದು ಇಂಗಾಲದ ಕಾಲಗಣನೆಯಿಂದ ತಿಳಿದುಬಂದಿದೆ. ಉಕ್ಕಿನ ಉಳಿಯಿಲ್ಲದೆ, ಸಿಡಿಮದ್ದಿಲ್ಲದೆ ಅಷ್ಟು ಗಟ್ಟಿ ಬಂಡೆ ಒಡೆಯುವುದು ಹೇಗೆ? ಬಂಡೆಗೆ ಬೆಂಕಿ ಹಾಕಿ ಕಾಯಿಸಿ, ನೀರೆರಚಿ ಬಿರುಕು ಬಿಡಿಸುವುದು ಪ್ರಾಚೀನರ ಉಪಾಯ. ಇದೂ ಬರಹಕ್ಕೆ ಬಾರದೆ ಬಾಯಿಂದ ಬಾಯಿಗೆ ಸಾಗಿದ ವಿದ್ಯೆಯೇ.

1880ರ ದಶಕದಲ್ಲಿ ಕೋಲಾರದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಕೈಗೆ ಗಣಿಗಳು ಬಂದಾಗ, ಅದರ ಜೊತೆ ಇಂಗ್ಲೆಂಡಿನ ತೆಂಕಣ ತುದಿಯಾದ ಕಾರ್ನ್‌ವಾಲ್‌ನ ಗಣಿಗಾರರೂ ಬಂದರು. ಅಲ್ಲಿ ತಾಮ್ರ, ತವರದ ಬೆಲೆ ಕುಸಿದು ಊರಿಗೆ ಊರೇ ಕೆಲಸ ಹುಡುಕಿ ಹಡಗು ಹತ್ತಿದ ಕಾಲ ಅದು. ಅವರಲ್ಲಿ ಬಹುಮಂದಿ ಕಾಲೇಜು ಕಲಿತವರಲ್ಲ. ಚಿಕ್ಕಂದಿನಿಂದ ಗಣಿಯಲ್ಲೇ ಪಳಗಿದವರು. ಗಣಿಯ ಮೇಲ್ವಿಚಾರಕನನ್ನು ‘ಕ್ಯಾಪ್ಟನ್’ ಎಂದು ಕರೆಯುವುದು ಅವರ ಊರಿನ ರೂಢಿ. ಕಾರ್ನ್‌ವಾಲ್‌ನ ಕ್ಯಾಂಬೋರ್ನ್ ಗಣಿ ಶಾಲೆ ಆರಂಭವಾದದ್ದು 1888ರಲ್ಲಿ. ತನ್ನ ಊರಿನ ಗಣಿಗಳು ಸೊರಗುತ್ತಿದ್ದಾಗ ಹುಟ್ಟಿದ ಆ ಶಾಲೆ, ಪರದೇಶದ ಗಣಿಗಳಿಗೆ ಎಂಜಿನಿಯರುಗಳನ್ನು ಕಳಿಸಿಯೇ ಹೆಸರು ಮಾಡಿತು.

ಕೋಲಾರದ ಚಿನ್ನದ ಗಣಿ ಜಗತ್ತಿನ ಅತ್ಯಂತ ಆಳದ ಗಣಿಗಳಲ್ಲಿ ಒಂದಾಯಿತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. ಶಿವನಸಮುದ್ರದಿಂದ 147 ಕಿಲೋಮೀಟರ್ ದೂರ ತಂತಿ ಎಳೆದು 1902ರಲ್ಲಿ ಅಲ್ಲಿಗೆ ವಿದ್ಯುತ್ ಕೊಟ್ಟರು. ಆದರೆ ವಿದ್ಯೆಯ ತಂತಿಯನ್ನು ಯಾರೂ ಎಳೆಯಲಿಲ್ಲ. ಮೇಲ್ವಿಚಾರಣೆಯ ಹುದ್ದೆಗಳು ಬಹುಪಾಲು ಯೂರೋಪಿನವರಿಗೆ. ಕೆಳಗೆ ಬಂಡೆ ಕೊರೆದವರು, ಮರದ ಆಸರೆ ಕಟ್ಟಿದವರು, ಅದಿರು ತುಂಬಿದವರು ಉತ್ತರ ಆರ್ಕಾಟ್, ಚಿತ್ತೂರು, ಕೋಲಾರ ಕಡೆಯ ಬಡವರು. ಆಳದ ಬಂಡೆ ಒತ್ತಡ ತಾಳದೆ ಫಟ್ಟನೆ ಸಿಡಿಯುವುದು ಈ ಗಣಿಗಳ ಶಾಪ. ಅದಕ್ಕೆ ಮೊದಲು ಬಲಿಯಾಗುತ್ತಿದ್ದವರು ಅವರೇ. ತಲೆಮಾರುಗಳ ಕಾಲ ಬಂಡೆಯ ಸದ್ದು ಕೇಳಿದ ಕಿವಿಗಳಿಗೆ ಗೊತ್ತಿದ್ದದ್ದನ್ನು ಕೇಳಿ ಬರೆದುಕೊಳ್ಳುವ ಅಗ್ರಿಕೋಲಾ ಅವರಿಗೆ ಸಿಗಲಿಲ್ಲ.

ಸಾವು ಬರೆಸಿದ ಕಾನೂನು

1897ರಲ್ಲಿ ಕೋಲಾರದ ಗಣಿಯಲ್ಲಿ ನಡೆದ ದುರಂತದಲ್ಲಿ 52 ಮಂದಿ ಸತ್ತರು. ಅದರ ಬೆನ್ನಿಗೇ ಬಲೂಚಿಸ್ತಾನದ ಖೋಸ್ತ್ ಕಲ್ಲಿದ್ದಲು ಗಣಿಯಲ್ಲಿ 47 ಮಂದಿ ಸತ್ತರು. ಅಲ್ಲಿಯವರೆಗೆ ಎಳೆದಾಡುತ್ತಿದ್ದ ಸರ್ಕಾರ 1901ರಲ್ಲಿ ಗಣಿ ಕಾಯಿದೆ ತಂದಿತು. 1902ರಲ್ಲಿ ಗಣಿ ತಪಾಸಣೆಯ ಕಚೇರಿ ಕಲ್ಕತ್ತೆಯಲ್ಲಿ ಆರಂಭವಾಯಿತು. ಇಂದು ಧನಬಾದ್‌ನಲ್ಲಿರುವ ಗಣಿ ಸುರಕ್ಷತಾ ಮಹಾನಿರ್ದೇಶನಾಲಯ ಅದರ ಮುಂದುವರಿಕೆ. ಕಾಯಿದೆಯ ಹಿಂದೆಯೇ ಇನ್ನೊಂದು ಪ್ರಶ್ನೆ ಎದ್ದಿತು. ಗಣಿಯ ಹೊಣೆ ಹೊರುವ ಮ್ಯಾನೇಜರ್ ಪರೀಕ್ಷೆ ಪಾಸಾಗಿರಬೇಕು ಎಂದಾದರೆ, ಆ ವಿದ್ಯೆಯನ್ನು ಭಾರತೀಯ ಕಲಿಯುವುದು ಎಲ್ಲಿ?

ಅದೇ 1901ರಲ್ಲಿ ಇಂಡಿಯನ್ ನ್ಯಾಷನಲ್ ಕಾಂಗ್ರೆಸ್, ದೇಶದಲ್ಲಿ ಸರ್ಕಾರಿ ಗಣಿ ಕಾಲೇಜೊಂದು ಬೇಕೆಂದು ಗೊತ್ತುವಳಿ ಮಾಡಿತು. ಆಗ ಗಣಿ ವಿದ್ಯೆಯ ಪದವಿ ಬೇಕಾದವರು ಲಂಡನ್ನಿಗೆ ಹೋಗಬೇಕಿತ್ತು. ಹಾಗೆ ಹೋಗಿ ರಾಯಲ್ ಸ್ಕೂಲ್ ಆಫ್ ಮೈನ್ಸ್‌ನಲ್ಲಿ ಕಲಿತು ಬಂದವರಲ್ಲಿ ಪ್ರಮಥನಾಥ ಬೋಸ್ ಒಬ್ಬರು. ಮಯೂರ್‌ಭಂಜ್‌ನ ಕಬ್ಬಿಣದ ಅದಿರಿನ ಬಗ್ಗೆ ಅವರು 1904ರಲ್ಲಿ ಜೆಮ್‌ಷೆಡ್‌ಜಿ ಟಾಟಾ ಅವರಿಗೆ ಬರೆದ ಪತ್ರವೇ ಜೆಮ್‌ಷೆಡ್‌ಪುರದ ಉಕ್ಕಿನ ಕಾರ್ಖಾನೆಗೆ ದಾರಿ ತೋರಿತು. ಸರಿಯಾಗಿ ಕಲಿತ ಒಬ್ಬನೇ ವ್ಯಕ್ತಿ ಒಂದು ದೇಶದ ಉದ್ಯಮದ ದಿಕ್ಕನ್ನೇ ಬದಲಿಸಬಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಗೊತ್ತುವಳಿಯಿಂದ ಕಟ್ಟಡದವರೆಗಿನ ದಾರಿ ಕಾಲು ಶತಮಾನ ಹಿಡಿಯಿತು. 1926ರ ಡಿಸೆಂಬರ್ 9ರಂದು ಧನಬಾದ್‌ನಲ್ಲಿ ವೈಸ್‌ರಾಯ್ ಲಾರ್ಡ್ ಇರ್ವಿನ್ ಇಂಡಿಯನ್ ಸ್ಕೂಲ್ ಆಫ್ ಮೈನ್ಸ್ ಅನ್ನು ತೆರೆದರು. ಲಂಡನ್ನಿನ ಶಾಲೆಯೇ ಅದಕ್ಕೆ ಮಾದರಿ. 2016ರಲ್ಲಿ ಅದು ಐಐಟಿ ಆಯಿತು. 2026ರ ಡಿಸೆಂಬರ್‌ಗೆ ಅದರ ಬಾಗಿಲು ತೆರೆದು ನೂರು ವರ್ಷ. ಲೋಹಶಾಸ್ತ್ರದಲ್ಲಿ ಮೊದಲ ಹೆಜ್ಜೆ ಇಟ್ಟದ್ದು ಮದನಮೋಹನ ಮಾಳವೀಯರ ಬನಾರಸ್ ಹಿಂದೂ ವಿಶ್ವವಿದ್ಯಾಲಯ. ದೇಶದ ಮೊದಲ ಲೋಹಶಾಸ್ತ್ರ ಪದವಿ ಶಿಕ್ಷಣ ಅಲ್ಲಿ 1923ರಲ್ಲಿ ಆರಂಭವಾಯಿತು.

ಅದೇ 1923ರ ಜನವರಿಯಲ್ಲಿ ಭದ್ರಾವತಿಯ ಮೈಸೂರು ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿತು. ಹತ್ತಿರದಲ್ಲಿ ಕಲ್ಲಿದ್ದಲಿಲ್ಲದ ಕಾರಣ ಮಲೆನಾಡಿನ ಕಟ್ಟಿಗೆಯ ಇದ್ದಿಲೇ ಅದರ ಇಂಧನ. ನಷ್ಟದಲ್ಲಿದ್ದ ಕಾರ್ಖಾನೆಯನ್ನು ಸರ್ ಎಂ. ವಿಶ್ವೇಶ್ವರಯ್ಯನವರು ಅಧ್ಯಕ್ಷರಾಗಿ ನಿಂತು ಸರಿದಾರಿಗೆ ತಂದರು. ಹಣಕ್ಕಿಂತ ಹೆಚ್ಚಾಗಿ ಅಲ್ಲಿ ಕೊರತೆ ಇದ್ದದ್ದು ತಿಳಿದವರದು. ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ ಲೋಹಶಾಸ್ತ್ರ ವಿಭಾಗ ಬಂದದ್ದು 1945ರಲ್ಲಿ. 1951ರಲ್ಲಿ ಅದರ ಮುಖ್ಯಸ್ಥರಾಗಿ ಬಂದ ಬ್ರಹ್ಮಪ್ರಕಾಶ್, ಆ ಸ್ಥಾನದಲ್ಲಿ ಕುಳಿತ ಮೊದಲ ಭಾರತೀಯ. ಅಣುಶಕ್ತಿಗೆ ಬೇಕಾದ ಲೋಹಗಳನ್ನು ದೇಶದಲ್ಲೇ ತಯಾರಿಸುವ ಕೆಲಸಕ್ಕೆ ತಳಹದಿ ಹಾಕಿದ ಅವರು, ಮುಂದೆ ತಿರುವನಂತಪುರದ ವಿಕ್ರಂ ಸಾರಾಭಾಯಿ ಬಾಹ್ಯಾಕಾಶ ಕೇಂದ್ರದ ಮೊದಲ ನಿರ್ದೇಶಕರೂ ಆದರು. 1960ರಲ್ಲಿ ಸುರತ್ಕಲ್‌ನಲ್ಲಿ ಆರಂಭವಾದ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜಿನಲ್ಲೂ ಕಾಲಕ್ರಮದಲ್ಲಿ ಲೋಹಶಾಸ್ತ್ರ ಮತ್ತು ಗಣಿ ವಿಭಾಗಗಳು ಬಂದವು. ಕೋಲಾರದ ಚಿನ್ನದ ಗಣಿಯ ಊರಿನಲ್ಲೇ ಗಣಿ ಶಿಕ್ಷಣ ಸಿಗುವಂತಾದದ್ದು ಮಾತ್ರ, ಗಣಿಯ ಒಳ್ಳೆಯ ದಿನಗಳು ಮುಗಿಯುತ್ತಾ ಬಂದ ಮೇಲೆ. ಬಂಡೆ ಸಿಡಿತದ ಅಧ್ಯಯನವನ್ನೂ ಒಳಗೊಂಡ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಅಲ್ಲಿ ಸ್ಥಾಪನೆಯಾದದ್ದು 1988ರಲ್ಲಿ. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು!

ಬಾಗಿಲ ಹೊರಗೆ ನಿಂತವರು

ಈ ಶಾಲೆಗಳ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಒಂದು ಕಾಲದಲ್ಲಿ ನಮ್ಮ ಕಲ್ಲಿದ್ದಲು ಗಣಿಗಳಲ್ಲಿ ಗಂಡನ ಜೊತೆ ಹೆಂಡತಿಯೂ ನೆಲದಡಿ ದುಡಿಯುತ್ತಿದ್ದಳು. ಅವನು ಅಗೆದದ್ದನ್ನು ಅವಳು ಬುಟ್ಟಿಯಲ್ಲಿ ಹೊರುತ್ತಿದ್ದಳು. 1929ರ ನಿಯಮಗಳು ಇದನ್ನು ಹಂತಹಂತವಾಗಿ ನಿಲ್ಲಿಸಲು ಹೊರಟು, 1937ರಲ್ಲಿ ಪೂರ್ಣ ನಿಷೇಧ ಬಂದಿತು. ಎರಡನೆಯ ಮಹಾಯುದ್ಧದಲ್ಲಿ ಕಲ್ಲಿದ್ದಲಿಗೆ ಆಳು ಸಾಲದಾದಾಗ, 1943ರಲ್ಲಿ, ಅದೇ ಹೆಂಗಸರನ್ನು ಮತ್ತೆ ಇಳಿಸಿದರು. ಯುದ್ಧ ಮುಗಿದು 1946ರಲ್ಲಿ ಮತ್ತೆ ಮೇಲೆ ಕಳಿಸಿದರು. ಅವರ ರಕ್ಷಣೆಗಾಗಿ ನಿಷೇಧ ಎಂದರು. ಬೇಕಾದಾಗ ಆ ರಕ್ಷಣೆ ಮರೆತುಹೋಯಿತು. 1952ರ ಗಣಿ ಕಾಯಿದೆ ನಿಷೇಧವನ್ನು ಗಟ್ಟಿ ಮಾಡಿತು.

ಇದರ ಪರಿಣಾಮ ಶಿಕ್ಷಣದ ಮೇಲೂ ಆಯಿತು. ನೆಲದಡಿ ಇಳಿಯುವಂತಿಲ್ಲ ಎಂದ ಮೇಲೆ ಹುಡುಗಿಯೊಬ್ಬಳು ಗಣಿ ಎಂಜಿನಿಯರಿಂಗ್ ಓದಿ ಮಾಡುವುದೇನು? ಮ್ಯಾನೇಜರ್ ಪರೀಕ್ಷೆಗೆ ಬೇಕಾದ ಅನುಭವವೇ ಅವಳಿಗೆ ಸಿಗುವಂತಿರಲಿಲ್ಲ. 2019ರಲ್ಲಿ ಕೇಂದ್ರ ಸರ್ಕಾರ ಕೆಲವು ಷರತ್ತುಗಳೊಂದಿಗೆ ತಾಂತ್ರಿಕ, ಮೇಲ್ವಿಚಾರಣೆ ಮತ್ತು ಆಡಳಿತದ ಕೆಲಸಗಳಿಗೆ ಮಹಿಳೆಯರು ನೆಲದಡಿ ಇಳಿಯಬಹುದು ಎಂದಿತು. ಬುಟ್ಟಿ ಹೊತ್ತವಳು ಹೊರಬಂದು ಎಂಟು ದಶಕಗಳಾದ ಮೇಲೆ, ನಕ್ಷೆ ಹಿಡಿದವಳು ಒಳಗೆ ಹೋದಳು.

ಇನ್ನು ಕಾರ್ಮಿಕನ ಶಿಕ್ಷಣದ ಮಾತು. 1966ರ ಗಣಿ ವೃತ್ತಿ ತರಬೇತಿ ನಿಯಮಗಳ ಪ್ರಕಾರ, ಗಣಿಗೆ ಇಳಿಯುವ ಮೊದಲು ಪ್ರತಿಯೊಬ್ಬ ಕಾರ್ಮಿಕನಿಗೂ ತರಬೇತಿ ಕೊಡಲೇಬೇಕು. 1975ರ ಡಿಸೆಂಬರ್ 27ರಂದು ಧನಬಾದ್ ಬಳಿಯ ಚಸ್‌ನಾಲಾದಲ್ಲಿ ಗಣಿಗೆ ನೀರು ನುಗ್ಗಿ 375 ಮಂದಿ ಸತ್ತರು. ದೇಶದ ಅತಿ ದೊಡ್ಡ ಗಣಿ ಶಾಲೆ ಇರುವುದು ಅಲ್ಲಿಗೆ ಹತ್ತಿರದಲ್ಲೇ. ಪುಸ್ತಕದ ವಿದ್ಯೆ ಎಷ್ಟು ಹತ್ತಿರವಿದ್ದರೂ ಅದು ನೆಲದಡಿಯವರೆಗೆ ಇಳಿಯದಿದ್ದರೆ ಜೀವ ಉಳಿಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಕಠೋರವಾದ ಪಾಠವಿಲ್ಲ. ಗುತ್ತಿಗೆ ಕಾರ್ಮಿಕರೇ ಹೆಚ್ಚಾಗುತ್ತಿರುವ ಇಂದಿನ ದಿನಗಳಲ್ಲಿ ಹಂಬೋಲ್ಟ್‌ನ ಹಳ್ಳಿ ಶಾಲೆ ಮತ್ತೆ ನೆನಪಾಗಬೇಕು. ಅಂಥ ಪಾಠ ಕನ್ನಡ, ತೆಲುಗು, ಒಡಿಯಾ, ಹಿಂದಿ ಹೀಗೆ ದುಡಿಯುವವನ ನುಡಿಯಲ್ಲೇ ನಡೆಯಬೇಕು.

ಮುಂದೇನು?

ಎಂಜಿನಿಯರಿಂಗ್ ಸೀಟು ಹಂಚುವ ದಿನಗಳಲ್ಲಿ ತಂದೆ ತಾಯಿಯರ ಬಾಯಲ್ಲಿ ಮೊದಲು ಬರುವುದು ಕಂಪ್ಯೂಟರಿನ ಮಾತು. ಗಣಿ, ಲೋಹಶಾಸ್ತ್ರ ಎಂದರೆ ಬೇರೇನೂ ಸಿಗದವರಿಗೆ ಎಂಬ ಭಾವನೆ. ಲೋಹಶಾಸ್ತ್ರದ ಎಷ್ಟೋ ವಿಭಾಗಗಳು ‘ಮೆಟೀರಿಯಲ್ಸ್’ ಎಂಬ ಹೊಸ ಹೆಸರು ಇಟ್ಟುಕೊಂಡಿವೆ. ಆದರೆ ಕಂಪ್ಯೂಟರೂ ನೆಲದೊಳಗಿಂದಲೇ ಬರಬೇಕು. ಫ್ರೈಬರ್ಗ್‌ನ ಪ್ರಾಧ್ಯಾಪಕರು 1863ರಲ್ಲಿ ಇಂಡಿಯಂ ಎಂಬ ಲೋಹವನ್ನು, 1886ರಲ್ಲಿ ಜರ್ಮೇನಿಯಂ ಅನ್ನು ಕಂಡುಹಿಡಿದಾಗ ಅವುಗಳಿಂದ ಯಾರಿಗೂ ಹೇಳಿಕೊಳ್ಳುವ ಉಪಯೋಗವಿರಲಿಲ್ಲ. ಇಂದು ಇಂಡಿಯಂ ಇಲ್ಲದೆ ಮೊಬೈಲಿನ ಸ್ಪರ್ಶಪರದೆ ಇಲ್ಲ. ಜರ್ಮೇನಿಯಂ ಬೆಳಕಿನ ತಂತಿಗಳಿಗೆ ಬೇಕು. ಫ್ರೈಬರ್ಗ್‌ನ ಗಣಿಗಾರಿಕೆ 1969ರಲ್ಲಿ ನಿಂತಿತು. ಶಾಲೆ ನಿಲ್ಲಲಿಲ್ಲ. ಹಳೆಯ ಗಣಿಯೊಂದನ್ನೇ ಪಾಠಶಾಲೆಯಾಗಿ ಉಳಿಸಿಕೊಂಡು ಅದು ಈಗಲೂ ವಿದ್ಯಾರ್ಥಿಗಳನ್ನು ನೆಲದಡಿ ಇಳಿಸುತ್ತಿದೆ.

ನಮ್ಮ ದೇಶ 2025ರಲ್ಲಿ ರಾಷ್ಟ್ರೀಯ ನಿರ್ಣಾಯಕ ಖನಿಜ ಅಭಿಯಾನವನ್ನು ಆರಂಭಿಸಿದೆ. ವಿದ್ಯುತ್ ವಾಹನಗಳ ಬ್ಯಾಟರಿಗೆ ಬೇಕಾದ ಲಿಥಿಯಂ ಮಂಡ್ಯ ಜಿಲ್ಲೆಯ ಮಾರ್ಲಗಲ್ಲದಲ್ಲಿ ಸುಮಾರು 1,600 ಟನ್‌ನಷ್ಟು ಇರಬಹುದೆಂದು 2021ರಲ್ಲಿ ಪ್ರಕಟವಾಯಿತು. ಜಗತ್ತಿನ ಲೆಕ್ಕದಲ್ಲಿ ಅದು ಚಿಕ್ಕ ನಿಕ್ಷೇಪ. ಅಲ್ಪ ಪ್ರಮಾಣದ ಲೋಹವನ್ನು ಅಗಾಧ ಕಲ್ಲಿನಿಂದ, ಊರು ಕೆರೆಗಳನ್ನು ಹಾಳು ಮಾಡದೆ ಬೇರ್ಪಡಿಸುವುದೇ ಮುಂದಿನ ಕಾಲದ ವಿದ್ಯೆ. ಉಕ್ಕಿನ ಕಾರ್ಖಾನೆಗಳಿಗೂ ಇಂಥದೇ ಸವಾಲು. ಜಗತ್ತು ಹೊರಸೂಸುವ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಶೇಕಡ 7ರಷ್ಟು ಉಕ್ಕಿನ ಉದ್ಯಮದ್ದು. ಕಲ್ಲಿದ್ದಲಿನ ಬದಲು ಜಲಜನಕ ಬಳಸಿ ಅದಿರನ್ನು ಕಬ್ಬಿಣ ಮಾಡುವ ಪ್ರಯತ್ನ ಸ್ವೀಡನ್ನಿನಲ್ಲಿ 2021ರಲ್ಲಿ ಫಲ ಕೊಟ್ಟಿದೆ. ಮೂಸೆಯೊಳಗಿನ ಇಂಗಾಲದ ಅಳತೆಯನ್ನು ಕಣ್ಣಂದಾಜಿನಲ್ಲೇ ಹಿಡಿದಿಟ್ಟವರ ನಾಡಿನಲ್ಲಿ, ಇಂಗಾಲವನ್ನೇ ಬಿಟ್ಟು ಉಕ್ಕಿನ ದಾರಿ ಹುಡುಕುವ ಪಾಠ ನಡೆಯಬೇಕಾದ ಕಾಲ ಬಂದಿದೆ.

ಇನ್ನೊಂದು ಪಾಠ ಇದುವರೆಗೆ ಹೆಚ್ಚಾಗಿ ನಡೆದೇ ಇಲ್ಲ. ಗಣಿ ತೆರೆಯುವುದನ್ನು ಶಾಲೆಗಳು ಕಲಿಸಿದವು. ಮುಚ್ಚುವುದನ್ನು ಅಷ್ಟಾಗಿ ಕಲಿಸಲಿಲ್ಲ. ಕೋಲಾರದ ಗಣಿ ಒಂದು ಶತಮಾನಕ್ಕೂ ಮಿಕ್ಕ ಕಾಲದಲ್ಲಿ ಸುಮಾರು 800 ಟನ್ ಚಿನ್ನ ಕೊಟ್ಟಿತು. ಮುಚ್ಚಿದಾಗ ಪಂಪುಗಳು ನಿಂತು ಸುರಂಗಗಳಲ್ಲಿ ನೀರು ತುಂಬಿತು. ಮೇಲೆ ಉಳಿದದ್ದು ಸಯನೈಡ್ ಬಳಸಿ ಚಿನ್ನ ತೆಗೆದ ಮೇಲೆ ಬಿಸುಟ ಪುಡಿಮಣ್ಣಿನ 13 ಗುಡ್ಡೆ, ಸುಮಾರು 3.3 ಕೋಟಿ ಟನ್. ಗಾಳಿ ಬೀಸಿದರೆ ಆ ಧೂಳು ಮನೆಯೊಳಗೆ ಬರುತ್ತದೆ. ಆ ಗುಡ್ಡೆಗಳಿಂದ ಉಳಿದ ಚಿನ್ನ ತೆಗೆಯುವ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರಲ್ಲಿ ಒಪ್ಪಿಗೆ ಕೊಟ್ಟಿದೆ. ಚಿನ್ನ ತೆಗೆಯುವುದು ಲೋಹಶಾಸ್ತ್ರದ ಲೆಕ್ಕ. ಧೂಳು ತಗ್ಗಿಸುವುದು, ನೀರು ಶುದ್ಧವಾಗಿಡುವುದು, ಕೆಲಸ ಕಳೆದುಕೊಂಡು ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಕೂಲಿಗೆ ಹೋಗುವವರ ಮಕ್ಕಳಿಗೆ ಊರಲ್ಲೇ ಬದುಕು ಕಟ್ಟುವುದು ಯಾವ ಶಾಸ್ತ್ರದ ಲೆಕ್ಕ? ಗಣಿ ಎಂಜಿನಿಯರನ ಪಠ್ಯದಲ್ಲಿ ಇದಕ್ಕೂ ಒಂದು ಅಧ್ಯಾಯ ಬೇಡವೇ?

ಬಳ್ಳಾರಿಯಲ್ಲಿ ಅಕ್ರಮ ಗಣಿಗಾರಿಕೆಯನ್ನು ಲೋಕಾಯುಕ್ತ ವರದಿ ಬಯಲಿಗೆಳೆದು, ಸುಪ್ರೀಂ ಕೋರ್ಟ್ 2011ರಲ್ಲಿ ಗಣಿಗಾರಿಕೆಯನ್ನೇ ನಿಲ್ಲಿಸಬೇಕಾಯಿತು. ಗಡಿ ಒತ್ತುವರಿ, ಮಿತಿ ಮೀರಿದ ಅಗೆತ, ಕೆಂಪು ಧೂಳು ಮುಚ್ಚಿದ ಹೊಲ, ಇವೆಲ್ಲ ನಡೆದದ್ದು ತಂತ್ರಜ್ಞಾನ ಗೊತ್ತಿಲ್ಲದೆ ಅಲ್ಲ. ಗಣಿಯ ನಕ್ಷೆಗೆ ಸಹಿ ಹಾಕಲು ಪರೀಕ್ಷೆ ಪಾಸಾದವರು ಇದ್ದೇ ಇರಬೇಕೆಂದು ಕಾನೂನು ಹೇಳುತ್ತದೆ. ಆ ಸಹಿಗೆ ಎಷ್ಟು ಬೆಲೆ ಇದೆ ಎಂಬುದನ್ನೂ ಶಾಲೆ ಕಲಿಸಬೇಕಾಗಿದೆ. ಗಣಿಗಾರ ಕಾನೂನು ಅರಿತಿರಬೇಕು ಎಂದು ಅಗ್ರಿಕೋಲಾ ಬರೆದದ್ದು ಸುಮ್ಮನೆ ಅಲ್ಲ.

ಭಾರತೀಯ ವಿಜ್ಞಾನ ಸಂಸ್ಥೆಯ ಎಸ್. ರಂಗನಾಥನ್ ಮತ್ತು ಶಾರದಾ ಶ್ರೀನಿವಾಸನ್ ಅವರು ನಮ್ಮ ಪುರಾತನ ಉಕ್ಕಿನ ಕುರಿತು 2004ರಲ್ಲಿ ಒಂದು ಪುಸ್ತಕ ಹೊರತಂದರು. ಕುಲುಮೆಗಳು ಆರಿ ನೂರು ವರ್ಷಕ್ಕೂ ಹೆಚ್ಚಾದ ಮೇಲೆ, ಒಡೆದ ಮೂಸೆಗಳ ಚೂರುಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಆ ಕಮ್ಮಾರರು ಬಲ್ಲದ್ದನ್ನು ಇಂದಿನ ಲೋಹಶಾಸ್ತ್ರಜ್ಞರು ಮತ್ತೆ ಓದುತ್ತಿದ್ದಾರೆ. ಹಟ್ಟಿಯಲ್ಲಿ ಇಂದೂ ಗಣಿ ನಡೆಯುತ್ತಿದೆ. ಅಲ್ಲಿ ಬಂಡೆಯ ಸದ್ದನ್ನು ಬಲ್ಲ ಹಿರಿಯ ಕಾರ್ಮಿಕರು ಇನ್ನೂ ಇದ್ದಾರೆ. ಕೋಲಾರದಲ್ಲಿ ಆಳಕ್ಕೆ ಇಳಿದು ಬಂದವರು ಮುದುಕರಾಗಿದ್ದಾರೆ. ಅವರ ನೆನಪನ್ನು ಬರೆದಿಟ್ಟುಕೊಳ್ಳಲು ಸೂಕ್ಷ್ಮದರ್ಶಕ ಬೇಡ. ಒಂದು ನೋಟ್‌ಬುಕ್ಕು, ಕೇಳುವ ವ್ಯವಧಾನ ಇದ್ದರೆ ಸಾಕು. ಗಣಿ ಓದುವ ಹುಡುಗ ಹುಡುಗಿಯರಿಗೆ ಮೊದಲ ವರ್ಷದ ಮೊದಲ ಪಾಠವಾಗಿ ಇದನ್ನೇ ಇಡಬಹುದು.